ಬರೆಯದೆ ಬಿಟ್ಟ ಪತ್ರ

ಗೀತೆಯ ಕೊನೆಯಲ್ಲಿ ಅರ್ಜುನನು ಕೃಷ್ಣನ ಮಾತಿನಂತೆ ನಡೆಯುವೆನೆಂದು ಒಪ್ಪುತ್ತಾನೆ. ಸರ್ಕಾರಿ ಸೇವೆಯಲ್ಲಿರುವ ನಮ್ಮಂಥವರಿಗೆ ಬಹಳ ಅನುಕೂಲದ ಶ್ಲೋಕವದು. ಮೇಲಿನವರು ಹೇಳಿದರು, ನಾವು ಮಾಡಿದೆವು. ಅಲ್ಲಿಗೆ ಧರ್ಮ ಮುಗಿಯಿತು. ಮನಸ್ಸೊಪ್ಪದ ಕಡತವೊಂದಕ್ಕೆ ಸಹಿ ಹಾಕಿ ಬಂದ ರಾತ್ರಿ ಆ ಶ್ಲೋಕದ ಮರೆಯಲ್ಲೇ ನಾವು ನಿದ್ರಿಸಿದ್ದುಂಟು.

ಆದರೆ ಸರಿಯಾಗಿ ಹತ್ತು ಶ್ಲೋಕ ಹಿಂದೆ ಸರಿದರೆ, ಹೇಳಿದ್ದನ್ನೆಲ್ಲ ವಿಮರ್ಶಿಸಿ ಇಚ್ಛೆಯಿದ್ದಂತೆ ಮಾಡೆಂದು ಕೃಷ್ಣನೇ ಬಿಟ್ಟುಕೊಟ್ಟಿದ್ದಾನೆ. ಒಲ್ಲೆನೆನ್ನುವ ಸ್ವಾತಂತ್ರ್ಯ ದೊರೆತ ಮೇಲೆ ಬಂದ ವಿಧೇಯತೆ ಅರ್ಜುನನದು.

ಇಲ್ಲಿ ಪುಣೆಯಲ್ಲಿ ಯರವಡಾ ಸೆರೆಮನೆಯ ಕಡೆ ಹೋದಾಗಲೆಲ್ಲ ಇದು ನೆನಪಾಗುತ್ತದೆ. 1930ರಲ್ಲಿ ಗಾಂಧೀಜಿ ಅಲ್ಲಿಂದ ಆಶ್ರಮವಾಸಿಗಳಿಗೆ ವಾರಕ್ಕೊಂದು ಪತ್ರ ಬರೆಯುತ್ತಿದ್ದರು, ಮಂಗಳವಾರ ಬೆಳಗಿನ ಪ್ರಾರ್ಥನೆಯ ಬಳಿಕ. ಸತ್ಯ, ಅಹಿಂಸೆ, ಅಸ್ತೇಯ, ಹೀಗೆ ವ್ರತಗಳ ವಿವೇಚನೆ ಸಾಗಿತು. ಸ್ವದೇಶಿಯನ್ನು ಮಾತ್ರ ಬರೆಯದೆ ಬಿಟ್ಟರು. ರಾಜಕೀಯವನ್ನು ಮುಟ್ಟದೆ ಅದಕ್ಕೆ ನ್ಯಾಯ ಸಲ್ಲಿಸಲಾಗದು, ಕೈದಿಗೆ ರಾಜಕೀಯ ನಿಷಿದ್ಧ. ಉಪ್ಪಿನ ಕಾನೂನನ್ನು ಹಗಲಲ್ಲೇ ಮುರಿದು ಬಂದವರು, ಆ ಶಿಕ್ಷೆಯ ನಿಯಮವನ್ನು ತಾವಾಗಿ ಪಾಲಿಸಿದರು. ಹೆಸರೆತ್ತದೆ, ಸೂಚ್ಯವಾಗಿ ಬರೆದುಬಿಡಬಹುದಿತ್ತಲ್ಲ! (ಅಂಥ ಜಾಣ್ಮೆಗೆ ನಮ್ಮ ಕಚೇರಿಗಳಲ್ಲಿ ಬರವಿಲ್ಲ.) ಅವರ ಸಂಯಮವಿದ್ದುದು ಜೈಲರನ ಕಣ್ಣಿಗಲ್ಲ, ತಮ್ಮ ಲೇಖನಿಗೆ.

ನಾವು ಇದಕ್ಕೆ ತಿರುವುಮುರುವು. ಎದುರಾಡಬೇಕಾದಲ್ಲಿ ಸುಮ್ಮನಿದ್ದು, ಚಹಾದ ಅಂಗಡಿಯಲ್ಲಿ ಅಧಿಕಾರಿಯನ್ನು ಹಳಿಯುವವರು. ಮೇಲಿನವರ ಆದೇಶ ಸಾಮಾನ್ಯವಾಗಿ ಲಿಖಿತವಾಗಿರಬೇಕೆಂದು 1964ರ ನಡತೆ ನಿಯಮಗಳೇ ಹೇಳುತ್ತವೆ. ಅಂದು ನಾವು ಅದನ್ನೂ ಕೇಳಲಿಲ್ಲ.

ಆ ಕಡತ ಈ ವಾರ ಮರಳಿ ನಮ್ಮ ಮೇಜಿಗೆ ಬಂದಿದೆ. ನಮ್ಮ ಅಸಮ್ಮತಿಯ ಟಿಪ್ಪಣಿಯ ಕರಡು ಸಿದ್ಧವಿದೆ. ಸಹಿ ಇನ್ನೂ ಬಿದ್ದಿಲ್ಲ.