ಕ್ಷಯವಲ್ಲದ ಕೆಮ್ಮು

ನನ್ನ ಪತ್ನಿಯ ಕಾಯಿಲೆಯ ವಿಚಾರವಾಗಿ ಬಂಧುಗಳೂ ಹಳೆಯ ವಿದ್ಯಾರ್ಥಿಗಳೂ ದೂರವಾಣಿಯಲ್ಲಿ ಕೇಳುತ್ತಲೇ ಇದ್ದಾರೆ. ಕ್ಷಯವಂತೆ, ಅಲ್ಲ ಕ್ಯಾನ್ಸರಂತೆ ಎಂಬ ಮಾತುಗಳು ನಮ್ಮ ಹಳ್ಳಿಯವರೆಗೂ ತಲುಪಿವೆ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ. ಕಾಯಿಲೆಯ ಹೆಸರು ಸಾರ್ಕಾಯಿಡೋಸಿಸ್. ಇದು ಅಂಟುರೋಗವಲ್ಲ.

2022ರ ಚಳಿಗಾಲದಲ್ಲಿ ಒಣಕೆಮ್ಮು ಪ್ರಾರಂಭವಾಯಿತು. ಕಫವಿಲ್ಲ, ರಕ್ತವಿಲ್ಲ. ಮಹಡಿಯ ಹದಿನೆಂಟು ಮೆಟ್ಟಿಲು ಏರುವಷ್ಟರಲ್ಲಿ ಆಕೆ ಎರಡು ಕಡೆ ನಿಲ್ಲುತ್ತಿದ್ದಳು. ತೂಕ ಇಳಿಯಿತು. ನಡುವೆ ಒಂದು ಕಣ್ಣು ಕೆಂಪಾಗಿ ಬೆಳಕನ್ನು ಸಹಿಸದಾಯಿತು. ಕಣ್ಣಿಗೂ ಕೆಮ್ಮಿಗೂ ನಂಟಿದೆಯೆಂದು ಆಗ ಯಾರೂ ಹೇಳಲಿಲ್ಲ. ಪಟ್ಟಣದ ವೈದ್ಯರೊಬ್ಬರು ಎಕ್ಸ್‌ರೇ ನೋಡಿ, ಎದೆಯ ಗ್ರಂಥಿಗಳು ಊದಿವೆ, ಟಿ.ಬಿ. ಎಂದರು. ಮಾಂಟೂ ಪರೀಕ್ಷೆಯಲ್ಲಿ ತೋಳು ಒಂದಿಷ್ಟೂ ಗಟ್ಟಿಯಾಗಲಿಲ್ಲ. ಆದರೂ ಆರು ತಿಂಗಳ ಗುಳಿಗೆಗಳು ಶುರುವಾದವು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು, ಬಾಯಿರುಚಿ ಕೆಟ್ಟಿತು, ಕೆಮ್ಮು ಮಾತ್ರ ಹೋಗಲಿಲ್ಲ. ಆಕೆ ತಾನೇ ತನ್ನ ತಟ್ಟೆ ಲೋಟ ಬೇರೆ ಮಾಡಿಕೊಂಡಳು. ಮೊಮ್ಮಗಳನ್ನು ಹತ್ತಿರ ಸೇರಿಸಲಿಲ್ಲ. (ಕ್ಷಯಕ್ಕೂ ತಟ್ಟೆ ಬೇರೆ ಮಾಡಬೇಕಾಗಿಲ್ಲ ಎಂಬುದು ಬೇರೆ ಮಾತು.)

ಕ್ಷಯ ಇಷ್ಟು ಸಾಮಾನ್ಯವಾಗಿರುವ ನಮ್ಮ ದೇಶದಲ್ಲಿ ಮೊದಲ ಅನುಮಾನ ಅತ್ತ ಹೋಗುವುದು ಸಹಜ. ಎರಡು ರೋಗಗಳಲ್ಲಿಯೂ ಕಣಗಳು ಗುಂಪುಗೂಡಿ ಗ್ರಾನ್ಯುಲೋಮ ಎಂಬ ಸಣ್ಣ ಗಂಟುಗಳಾಗುತ್ತವೆ. ಆದರೆ ಆರು ತಿಂಗಳಾದರೂ ಗುಣ ಕಾಣದಿದ್ದಾಗ "ಇನ್ನೂ ಮೂರು ತಿಂಗಳು ತೆಗೆದುಕೊಳ್ಳಿ" ಎಂದರಲ್ಲ, ಅದನ್ನು ನಾನು ಇಂದಿಗೂ ಒಪ್ಪಲಾರೆ.

ಆಗ ನೆನಪಾದವನು ಮೈಸೂರಿನಲ್ಲಿ ಶ್ವಾಸಕೋಶದ ವೈದ್ಯನಾಗಿರುವ ನನ್ನ ಹಳೆಯ ವಿದ್ಯಾರ್ಥಿ. ಅವನು ಸಿ.ಟಿ. ಸ್ಕ್ಯಾನ್ ಮಾಡಿಸಿ, ಚಿತ್ರಗಳನ್ನು ಮುಂದಿಟ್ಟುಕೊಂಡು ನನಗೆ ಪಾಠ ಹೇಳಿದ. ಶ್ವಾಸನಾಳಗಳು ಪುಪ್ಪುಸದೊಳಗೆ ಹೊಕ್ಕುವಲ್ಲಿನ ಗ್ರಂಥಿಗಳು ಎಡಬಲ ಎರಡೂ ಕಡೆ ಸರಿಸಮನಾಗಿ ಊದಿದ್ದವು. ಜೊತೆಗೆ ಗಂಟಲಿನಿಂದಿಳಿಯುವ ನಾಳದ ಬಲಬದಿಯಲ್ಲಿ ಇನ್ನೊಂದು ಗುಂಪು. ಕ್ಷಯದಲ್ಲಿ ಬಹುಮಟ್ಟಿಗೆ ಒಂದೇ ಕಡೆ ಹೆಚ್ಚು, ಗ್ರಂಥಿಯ ನಡುಭಾಗ ಕೊಳೆತು ಕಪ್ಪಾಗಿ ಕಾಣುವುದುಂಟು. ಇಲ್ಲಿ ಹಾಗಿರಲಿಲ್ಲ. ಪುಪ್ಪುಸದ ಮೇಲ್ಭಾಗದಲ್ಲಿ ನಾಳಗಳ ಗುಂಟ, ಹಾಳೆಗಳ ಸಂದುಗಳ ಗುಂಟ, ರಾಗಿಕಾಳು ಪೋಣಿಸಿದಂತೆ ಸಣ್ಣ ಚುಕ್ಕೆಗಳು. "ಮೇಷ್ಟ್ರೇ, ಚಿತ್ರ ನೋಡಿ ಅನುಮಾನ ಪಡಬಹುದು, ತೀರ್ಮಾನ ಮಾಡಬಾರದು. ಲಿಂಫೋಮ ಎಂಬ ಕ್ಯಾನ್ಸರಿನಲ್ಲೂ ಗ್ರಂಥಿ ಊದುತ್ತದೆ" ಎಂದ.

ಬಾಯಿಯ ಮೂಲಕ ಕೊಳವೆ ಇಳಿಸಿ, ಅಲ್ಟ್ರಾಸೌಂಡ್ ನೆರವಿನಿಂದ ಸೂಜಿ ಚುಚ್ಚಿ ಗ್ರಂಥಿಯ ಚೂರು ತೆಗೆದರು. ವರದಿ ಬರುವವರೆಗಿನ ಐದು ದಿನ ಹೇಗೆ ಕಳೆದೆವೋ ದೇವರಿಗೇ ಗೊತ್ತು. ಗ್ರಾನ್ಯುಲೋಮಗಳಿವೆ, ಆದರೆ ಕೊಳೆತಿಲ್ಲ, ಕ್ಷಯದ ಕ್ರಿಮಿ ಸೂಕ್ಷ್ಮದರ್ಶಕದಲ್ಲೂ ಇಲ್ಲ, ಜೀನ್ ಪರೀಕ್ಷೆಯಲ್ಲೂ ಇಲ್ಲ, ಕ್ಯಾನ್ಸರೂ ಅಲ್ಲ.

ನಾರ್ವೆಯ ಚರ್ಮವೈದ್ಯ ಸೀಸರ್ ಬೋಕ್ 1899ರಲ್ಲಿ ಬಳಸಿದ ಹೆಸರು ಈ ರೋಗಕ್ಕೆ ಉಳಿದಿದೆ. ನಿಶ್ಚಿತ ಕಾರಣ ಇಂದಿಗೂ ಸಿಕ್ಕಿಲ್ಲ. ಎಕ್ಸ್‌ರೇ ಆಧರಿಸಿ ಇದನ್ನು ಹಂತಗಳಾಗಿ ವಿಂಗಡಿಸುತ್ತಾರೆ: ಗ್ರಂಥಿಗಳು ಮಾತ್ರವಾದರೆ 1, ಪುಪ್ಪುಸವೂ ಸೇರಿದರೆ 2, ಪುಪ್ಪುಸ ಮಾತ್ರವಾದರೆ 3, ಗಾಯದ ಕಲೆಗಟ್ಟಿ ಕುಗ್ಗಿದರೆ 4. ಆಕೆಯದು 2. ಇವು ಶಾಲೆಯ ತರಗತಿಗಳಂತಲ್ಲ, ಒಂದರಿಂದ ಮುಂದಿನದಕ್ಕೆ ಹೋಗಲೇಬೇಕೆಂದಿಲ್ಲ. ಮೊದಲನೆಯ ಹಂತದವರಲ್ಲಿ ಅನೇಕರಿಗೆ ಔಷಧವಿಲ್ಲದೆಯೇ ವಾಸಿಯಾಗುತ್ತದಂತೆ.

ಆಕೆಗೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಕೊಟ್ಟು, ನಿಧಾನವಾಗಿ ಇಳಿಸುತ್ತ ಬಂದರು. ಮುಖ ಊದಿತು, ಸಕ್ಕರೆ ಏರಿತು, ಕೆಮ್ಮು ನಿಂತಿತು. ಮಾತ್ರೆ ನಿಲ್ಲಿಸಿ ವರ್ಷ ಕಳೆದಿದೆ. ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುತ್ತಾಳೆ.

ನೋಡಲು ಬರುವ ಬಂಧುಗಳಲ್ಲಿ ಒಂದು ವಿನಂತಿ. ಪ್ರೀತಿಯಿಂದ ಕ್ಯಾಲ್ಷಿಯಂ, ವಿಟಮಿನ್ ಡಿ ಮಾತ್ರೆಗಳನ್ನು ತರಬೇಡಿ. ಈ ಗಂಟುಗಳೇ ವಿಟಮಿನ್ ಡಿಯನ್ನು ಚುರುಕುಗೊಳಿಸಿ ರಕ್ತದಲ್ಲಿ ಕ್ಯಾಲ್ಷಿಯಂ ಏರಿಸಬಲ್ಲವು. ವೈದ್ಯರು ಹೇಳದೆ ಕೊಡುವಂತಿಲ್ಲ. ಹಣ್ಣು ತನ್ನಿ. ಬರುವ ತಿಂಗಳು ಮತ್ತೆ ಕಣ್ಣಿನ ತಪಾಸಣೆಯಿದೆ. ಮುಗಿದ ಮೇಲೆ ತಿಳಿಸುತ್ತೇನೆ.