ಅಡುಗೆಕಟ್ಟೆ ಚಿಕ್ಕದಾಯಿತು

ಮಗಳು ಹೊಸದು ಕೊಂಡ ಮೇಲೆ ಅವಳ ಹಳೆಯ ಲ್ಯಾಪ್‌ಟಾಪ್ ನನ್ನ ಪಾಲಿಗೆ ಬಂತು. ಅಂಕಪಟ್ಟಿಯ ಜೊತೆ ಇನ್ನೊಂದೇನಾದರೂ ತೆರೆದೆನೋ, ಸೊಂಟ ಹಿಡಿದವರಂತೆ ನಿಂತುಬಿಡುತ್ತಿತ್ತು. "ಹಳೇದಾಯ್ತು ಆಂಟಿ, ಎಸೆದು ಹೊಸದು ತಗೊಳ್ಳಿ" ಎಂದ ಅಂಗಡಿಯ ಹುಡುಗ, ಬಿಚ್ಚಿ ಸಹ ನೋಡದೆ. ನಿವೃತ್ತಿಯ ಹೊಸ್ತಿಲಲ್ಲಿರುವ ನನಗೆ ಆ ಮಾತು ಚುಚ್ಚಿತು.

"ಅಮ್ಮಾ, ಹಾರ್ಡ್ ಡಿಸ್ಕ್ ಅಂದ್ರೆ ಉಗ್ರಾಣ, ರ‍್ಯಾಮ್ ಅಂದ್ರೆ ಅಡುಗೆಕಟ್ಟೆ. ಉಗ್ರಾಣ ದೊಡ್ಡದಿದ್ರೇನು, ನಿನ್ನ ಕಟ್ಟೆ ಬರೀ 4 ಜಿಬಿ" ಎಂದಳು ಮಗಳು ಫೋನಿನಲ್ಲಿ. ಕೆಲವು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೆಸುಗೆ ಹಾಕಿಯೇ ಕೂರಿಸಿರುತ್ತಾರಂತೆ, ಬದಲಿಸುವಂತಿಲ್ಲ. ಪುಣ್ಯಕ್ಕೆ ನನ್ನದರಲ್ಲಿ ಒಂದು ಜಾಗ ಖಾಲಿಯಿತ್ತು.

ಅವಳು ಹೇಳಿದ್ದು ಡಿಡಿಆರ್ 4. ನಾನು ಅಗ್ಗವೆಂದು ತಂದದ್ದು ಡಿಡಿಆರ್ 3. ಅದರ ಕಚ್ಚೇ ಬೇರೆ ಕಡೆ, ಕೂರಲೊಲ್ಲದು. ಬಲವಾಗಿ ಒತ್ತಲು ಹೋಗಿ ಮಗಳಿಂದ ಬೈಸಿಕೊಂಡೆ. ಅದನ್ನು ಮರಳಿಸಿ, 8 ಜಿಬಿಯ ಸರಿಯಾದದ್ದನ್ನು ತಂದು, ಬ್ಯಾಟರಿ ಕಳಚಿ, ಓರೆಯಾಗಿ ತೂರಿಸಿ ಮೆಲ್ಲಗೆ ಒತ್ತಿದಾಗ 'ಟಕ್' ಎಂದಿತು. ಅಷ್ಟು ವರ್ಷ ಪಾಠ ಹೇಳಿದವಳಿಗೆ ಅಂಥ ಖುಷಿ ಫಲಿತಾಂಶದ ದಿನವೂ ಆಗಿರಲಿಲ್ಲ! ತೆರೆಯ ಮೇಲೆ 12 ಜಿಬಿ ಎಂದು ಬಂತು.

ತಿರುಪೊಂದು ಮಿಕ್ಕಿದೆ, ಹೊಲಿಗೆ ಡಬ್ಬಿಯಲ್ಲಿಟ್ಟಿದ್ದೇನೆ. ಮಗಳಿಗೆ ಹೇಳಿಲ್ಲ.