ಮಂಗಳವಾರದ ಡಾಕ್ಟರು

ನಮ್ಮೂರು ತಾಲ್ಲೂಕು ಕೇಂದ್ರ. ಬಸ್ ಸ್ಟ್ಯಾಂಡಿನಿಂದ ನಮ್ಮ ಹೈಸ್ಕೂಲಿಗೆ ಹದಿನೈದು ನಿಮಿಷದ ನಡಿಗೆ. ಆ ದಾರಿಯಲ್ಲೇ ಹಲ್ಲಿನ ಡಾಕ್ಟರ ಬೋರ್ಡು ನಾಲ್ಕಿವೆ. ಕಣ್ಣಿನವರು ಇಬ್ಬರು, ಮಕ್ಕಳ ಡಾಕ್ಟರು ಮೂವರು, ಮೂಳೆಯವರು ಒಬ್ಬರು, ಹೆರಿಗೆಯವರನ್ನಂತೂ ನಾನು ಎಣಿಸಲು ಹೋಗಿಲ್ಲ. ಮೂಲವ್ಯಾಧಿ ಆಪರೇಷನ್ ಇಲ್ಲದೆ ಗ್ಯಾರಂಟಿ ಗುಣ ಎಂದು ಕಂಡ ಕಂಡ ಗೋಡೆಯ ಮೇಲೆ ಬರೆಸಿದ ಮಹಾನುಭಾವರೂ ಇದ್ದಾರೆ. ಮನಸ್ಸಿನ ಡಾಕ್ಟರು ಮಾತ್ರ ಒಬ್ಬರೂ ಇಲ್ಲ. ಈ ಊರಿನಲ್ಲಿ ಎಲ್ಲರಿಗೂ ಹಲ್ಲು ನೋಯುತ್ತದೆ, ಮನಸ್ಸು ಯಾರಿಗೂ ನೋಯುವುದಿಲ್ಲ ಎಂದು ಹೊರಗಿನಿಂದ ಬಂದವರು ತಿಳಿದುಕೊಂಡರೆ ಅವರನ್ನು ದೂರುವಂತಿಲ್ಲ.

ನಮ್ಮ ಮನೆಗೆ ಆ ಬೋರ್ಡು ಬೇಕಾದದ್ದು 1996ರಲ್ಲಿ. ನನ್ನ ತಂಗಿಗೆ ಆಗ ಇಪ್ಪತ್ತೆರಡು ವರ್ಷ. ಮೊದಲು ನಿದ್ದೆ ಹೋಯಿತು. ಆಮೇಲೆ ಪಕ್ಕದ ಮನೆಯವರು ತನ್ನ ವಿಷಯವನ್ನೇ ಪಿಸುಗುಟ್ಟುತ್ತಾರೆ ಎಂದು ಕಿಟಕಿಗಳನ್ನೆಲ್ಲ ಹಾಕತೊಡಗಿದಳು. ಕೊನೆಗೆ ಅಮ್ಮ ಮಾಡಿದ ಅಡುಗೆಯಲ್ಲೂ ಏನೋ ಬೆರೆಸಿದ್ದಾರೆ ಎಂದು ತಟ್ಟೆ ತಳ್ಳಿದಳು. ಗಾಳಿ ಸೋಕಿದೆ ಎಂದವರುಂಟು, ಮದುವೆ ಮಾಡಿದರೆ ತಾನಾಗಿ ಸರಿಹೋಗುತ್ತದೆ ಎಂದವರಂತೂ ಬಹಳ. ಅಮ್ಮ ಅವಳನ್ನು ಕರೆದುಕೊಂಡು ಮೂರು ಅಮಾವಾಸ್ಯೆ ಒಂದು ಕ್ಷೇತ್ರಕ್ಕೆ ಹೋಗಿ ಬಂದರು, ತಾಯಿತ ಕಟ್ಟಿಸಿದರು. ಅದನ್ನು ನೆನೆದು ನಗುವವರ ಜೊತೆ ನಾನು ಸೇರುವುದಿಲ್ಲ. ಅಲ್ಲಿ ಒಬ್ಬರು ಚಾಪೆ ಹಾಕಿಕೊಂಡು ಕೂತಿದ್ದರು, ಅಮ್ಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ನಮ್ಮ ತಾಲ್ಲೂಕಿನಲ್ಲಿ ಆ ಕೆಲಸಕ್ಕೆ ಬೇರೆ ಯಾರಿದ್ದರು ಹೇಳಿ?

ಕೊನೆಗೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ನಿಮ್ಹಾನ್ಸಿಗೆ ಹೋದೆವು. ಬೆಳಕು ಹರಿಯುವ ಮೊದಲೇ ಅಲ್ಲಿ ಸಾಲು ನಿಂತಿತ್ತು. ಬಳ್ಳಾರಿಯವರು, ಬೀದರಿನವರು, ಆಂಧ್ರದವರು, ಬಾಗಿದ ತಲೆಯ ಗಂಡಸರು, ಬುತ್ತಿಗಂಟು ಹಿಡಿದ ಹೆಂಗಸರು. ಇಷ್ಟೊಂದು ಜನ ನಮ್ಮ ಹಾಗೇ ಇದ್ದಾರಲ್ಲ ಎಂದು ಅಮ್ಮನಿಗೆ ಒಂದು ಬಗೆಯ ಸಮಾಧಾನವಾಯಿತು. ವಾರ್ಡಿನಲ್ಲಿ ರೋಗಿಯ ಜೊತೆ ಮನೆಯವರೊಬ್ಬರು ಇರಬೇಕೆಂದರು. ರಜೆ ಹಾಕಿ ನಾನೇ ಉಳಿದೆ. ಯಾವ ಮಾತ್ರೆ ಯಾವುದಕ್ಕೆ, ಕೈ ನಡುಗಿದರೆ ಏನು ಮಾಡಬೇಕು, ಅವಳು ಹೇಳುವ ಧ್ವನಿಗಳ ಬಗ್ಗೆ ವಾದ ಮಾಡದೆ, ಹೌದು ಎಂದೂ ಅನ್ನದೆ ಹೇಗೆ ಮಾತಾಡಬೇಕು, ಇದನ್ನೆಲ್ಲ ಒಬ್ಬ ನರ್ಸಮ್ಮ ಹೇಳಿಕೊಟ್ಟರು. ನನ್ನ ಬಿ.ಎಡ್.ನಲ್ಲಿ ಮನಃಶಾಸ್ತ್ರ ಒಂದು ಪೇಪರೇ ಇತ್ತು. ಆ ನರ್ಸಮ್ಮನ ಹದಿನೈದು ದಿನದ ಪಾಠದ ಮುಂದೆ ಅದು ಏನೂ ಅಲ್ಲ.

ಮನೆಯವರನ್ನು ಹೀಗೆ ಜೊತೆಗಿಟ್ಟುಕೊಳ್ಳುವ ಪದ್ಧತಿಗೂ ಒಂದು ಕಥೆಯಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ವಿದ್ಯಾಸಾಗರ್ ಎಂಬ ಡಾಕ್ಟರಿದ್ದರು. ರೋಗಿಗಳು ಕಿಕ್ಕಿರಿದಿದ್ದರು, ಕೆಲಸದವರು ಸಾಲದು. ಅವರು ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ, ಮನೆಯವರೂ ಬಂದು ರೋಗಿಯ ಜೊತೆ ಇರಲಿ ಎಂದರು. ನೋಡಿದರೆ ರೋಗಿಗಳು ಬೇಗ ಚೇತರಿಸಿಕೊಂಡು ಮನೆಗೆ ಹೋಗತೊಡಗಿದರು. ಆಮೇಲೆ ಬೇರೆ ಆಸ್ಪತ್ರೆಗಳೂ ಆ ದಾರಿ ಹಿಡಿದವು. ಒಳ್ಳೆಯದೇ. ಆದರೆ ಆ ಡೇರೆಗಳಲ್ಲಿ ರೊಟ್ಟಿ ತಟ್ಟಿಕೊಂಡು, ಮಾತ್ರೆ ನುಂಗಿಸಿಕೊಂಡು ಕೂತವರಲ್ಲಿ ತಾಯಂದಿರೂ ಹೆಂಡತಿಯರೂ ಎಷ್ಟು ಜನವಿದ್ದರೋ ಎಂದು ನನಗೆ ಆಗಾಗ ಅನ್ನಿಸುತ್ತದೆ. ನಾನಿದ್ದ ವಾರ್ಡಿನಲ್ಲಂತೂ ಗಂಡಸರನ್ನು ಬೆರಳಲ್ಲಿ ಎಣಿಸಬಹುದಿತ್ತು.

ತಂಗಿ ಚೇತರಿಸಿಕೊಂಡಳು. ಚೇತರಿಸಿಕೊಂಡಳು ಎಂದರೆ ಮಾತ್ರೆ ಇದ್ದರೆ ಚೆನ್ನಾಗಿರುತ್ತಾಳೆ. ಹೂ ಕಟ್ಟುತ್ತಾಳೆ, ರೇಡಿಯೋ ಕೇಳುತ್ತಾಳೆ, ಅಮ್ಮ ಹೋದಮೇಲೆ ನಮ್ಮ ಮನೆಯಲ್ಲೇ ಇದ್ದಾಳೆ. ತಿಂಗಳು ತಿಂಗಳೂ ಬೆಂಗಳೂರಿಗೆ ಹೋಗುವುದು ತಪ್ಪಲಿ ಎಂದು ಹತ್ತಿರದ ಒಂದು ಸರ್ಕಾರಿ ಆಸ್ಪತ್ರೆಗೆ ಚೀಟಿ ಬರೆಸಿಕೊಂಡೆವು. ಅಲ್ಲಿ ಒಬ್ಬರು ಮನೋವೈದ್ಯರಿದ್ದರು, ನಿಧಾನದವರು, ಇವಳನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದರು. 2007ರಲ್ಲಿ ಅವರಿಗೆ ವರ್ಗವಾಯಿತು. ಆ ಕುರ್ಚಿ ಹದಿನಾಲ್ಕು ತಿಂಗಳು ಖಾಲಿ ಇತ್ತು. 'ಡಾಕ್ಟರು ಬಂದಮೇಲೆ ಬನ್ನಿ' ಎಂದು ಔಷಧಿ ಕೊಡುವ ಕಿಟಕಿಯಲ್ಲಿ ಹೇಳಿ ಕಳಿಸಿದರು. ಹಳೆಯ ಚೀಟಿಗೆ ಕೊಡುವುದಿಲ್ಲ ಎಂದು ಔಷಧಿ ಅಂಗಡಿಯವರೂ ಹೇಳಿದರು. ಅವರು ಹೇಳಿದ್ದು ಸರಿಯೇ. ಬೆಂಗಳೂರಿಗೆ ಹೊರಡಲು ಬಸ್ಸಿನ ಟಿಕೆಟ್ಟು ಮಾಡಿಸಿದ್ದ ಹಿಂದಿನ ರಾತ್ರಿಯೇ ಇವಳು ಹಿತ್ತಲ ಬಾಗಿಲು ತೆಗೆದುಕೊಂಡು ಹೋಗಿಬಿಟ್ಟಳು. ಬೆಳಗಿನ ಜಾವ ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕಳು. ಬರಿಗಾಲು. ಪೋರ್ಟರೊಬ್ಬರು ತಮ್ಮ ಟವೆಲ್ಲನ್ನು ಅವಳಿಗೆ ಹೊದಿಸಿ, ಪಕ್ಕದಲ್ಲಿ ಕಾವಲು ಕೂತಿದ್ದರು. ಆ ರಾತ್ರಿಯ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು.

ಖಾಲಿ ಕುರ್ಚಿ ಎಂದರೇನು ಎಂಬುದು ನನಗೆ ಹೀಗೆ ಗೊತ್ತಾಯಿತು. ಲೆಕ್ಕಗಳು ಕಣ್ಣಿಗೆ ಬಿದ್ದದ್ದು ಆಮೇಲೆ. ನಮ್ಮ ದೇಶದಲ್ಲಿ ಲಕ್ಷ ಜನಕ್ಕೆ 0.75 ಮನೋವೈದ್ಯರಂತೆ. ಒಬ್ಬ ಪೂರ್ತಿ ಡಾಕ್ಟರೂ ಇಲ್ಲ, ಮುಕ್ಕಾಲು ಡಾಕ್ಟರು! ಮೂವರಾದರೂ ಬೇಕು ಎನ್ನುತ್ತಾರೆ ತಿಳಿದವರು. ಈ ಮುಕ್ಕಾಲು ಡಾಕ್ಟರೂ ಬಹುತೇಕ ದೊಡ್ಡ ಪಟ್ಟಣಗಳಲ್ಲೇ ಇರುವುದರಿಂದ ನಮ್ಮ ಪಾಲಿಗೆ ಕಿರುಬೆರಳೂ ಉಳಿಯುವುದಿಲ್ಲ. 2015-16ರಲ್ಲಿ ನಿಮ್ಹಾನ್ಸಿನವರು ಹನ್ನೆರಡು ರಾಜ್ಯಗಳಲ್ಲಿ ಸಮೀಕ್ಷೆ ಮಾಡಿದಾಗ, ಒಂದೊಂದು ಕಾಯಿಲೆಗೆ ಒಂದೊಂದು ಲೆಕ್ಕದಂತೆ, ನೂರರಲ್ಲಿ 70ರಿಂದ 92 ರೋಗಿಗಳಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಡಾಕ್ಟರಿಕೆ ಓದುವ ಮಕ್ಕಳಿಗೆ ಮನೋವೈದ್ಯದ ವಾರ್ಡು ಬಹಳ ವರ್ಷಗಳ ಕಾಲ ಎರಡೇ ವಾರ ಇತ್ತು. ಎರಡು ವಾರ ಮನಸ್ಸು, ಉಳಿದದ್ದೆಲ್ಲ ದೇಹ.

ಆದರೆ ಇದಕ್ಕೊಂದು ದಾರಿ ತೋರಿಸಿದ್ದೂ ನಮ್ಮ ಕರ್ನಾಟಕವೇ. 1970ರ ದಶಕದಲ್ಲಿ ನಿಮ್ಹಾನ್ಸಿನವರು ಬೆಂಗಳೂರಿನ ಹೊರಗೆ ಸಕಲವಾರದಲ್ಲಿ ಒಂದು ಕೇಂದ್ರ ತೆರೆದು, ಸಾಮಾನ್ಯ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತೆಯರಿಗೂ ಮನಸ್ಸಿನ ಕಾಯಿಲೆ ಗುರುತಿಸುವುದನ್ನು ಕಲಿಸತೊಡಗಿದರು. 1980ರ ದಶಕದ ನಡುವೆ ಬಳ್ಳಾರಿ ಜಿಲ್ಲೆಯನ್ನೇ ಕೈಗೆತ್ತಿಕೊಂಡರು. ಸುಮಾರು 20 ಲಕ್ಷ ಜನರ ಜಿಲ್ಲೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರೇ ಮಾತ್ರೆ ಬರೆಯಬೇಕು, ಮಲೇರಿಯಾಕ್ಕೆ, ಚುಚ್ಚುಮದ್ದಿಗೆ ಮನೆ ಮನೆ ಸುತ್ತುವವರೇ 'ಯಾಕಮ್ಮ ಈ ತಿಂಗಳು ಮಾತ್ರೆಗೆ ಬರಲಿಲ್ಲ?' ಎಂದು ಕೇಳಬೇಕು, ಕಠಿಣವಾದದ್ದು ಮಾತ್ರ ಮೇಲಿನ ಆಸ್ಪತ್ರೆಗೆ ಹೋಗಬೇಕು. ಆ ಬಳ್ಳಾರಿಯ ಮಾದರಿಯೇ 1996ರಲ್ಲಿ ನಾಲ್ಕು ಜಿಲ್ಲೆಗಳಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿ. ನನ್ನ ತಂಗಿ ತಟ್ಟೆ ತಳ್ಳಿದ ವರ್ಷವೂ ಅದೇ. ನಮ್ಮ ಜಿಲ್ಲೆಗೆ ಅದು ಬರುವ ಹೊತ್ತಿಗೆ ಅವಳ ತಲೆಯಲ್ಲಿ ಬಿಳಿಕೂದಲು ಬಂದಿತ್ತು.

2014ರಿಂದ ಈಚೆಗೆ ರಾಜ್ಯದಲ್ಲಿ ಮನೋಚೈತನ್ಯ ಎಂಬುದು ಬಂತು. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುತ್ತಾರೆ. ಮಂಗಳವಾರ ಯಾವ ಕೆಲಸವನ್ನೂ ಶುರುಮಾಡಬಾರದೆಂದು ನಮ್ಮ ಅತ್ತೆಯವರ ನಿಯಮ. ಈ ಮಂಗಳವಾರಕ್ಕೆ ಮಾತ್ರ ಅವರೂ ರಿಯಾಯಿತಿ ಕೊಟ್ಟಿದ್ದಾರೆ, 'ಹೋಗಿ ಬನ್ನಿ, ದೇವರಿದ್ದಾನೆ' ಎಂದು ಫ್ಲಾಸ್ಕಿನಲ್ಲಿ ಕಾಫಿ ತುಂಬಿ ಕೊಡುತ್ತಾರೆ. ಆದರೆ ಬಾಗಿಲ ಹೊರಗೆ ಅರವತ್ತು ಜನ, ಒಳಗೆ ಒಬ್ಬ ಡಾಕ್ಟರು. ಒಬ್ಬೊಬ್ಬರಿಗೆ ಮೂರು ನಿಮಿಷ ಸಿಕ್ಕರೆ ಹೆಚ್ಚು. ಎಪ್ಪತ್ತು ಮಕ್ಕಳ ತರಗತಿಗೆ ಪಾಠ ಮಾಡಿದವಳು ನಾನು, ಅವರ ಕಷ್ಟ ಬಲ್ಲೆ. ಹಾಜರಿ ಕೂಗುವುದರಲ್ಲೇ ಪೀರಿಯಡ್ಡು ಮುಗಿದುಹೋಗುತ್ತದೆ.

ಡಾಕ್ಟರು ಒಬ್ಬರೇ ಸಾಲದು, ಮಾತಾಡಿಸಿ ಚಿಕಿತ್ಸೆ ಮಾಡುವ ಮನಃಶಾಸ್ತ್ರಜ್ಞರು, ಮನೆಯ ಪರಿಸ್ಥಿತಿ ನೋಡುವ ಸಮಾಜಕಾರ್ಯಕರ್ತರು, ತರಬೇತಾದ ನರ್ಸು ಎಲ್ಲ ಇರಬೇಕೆಂದು ಜಿಲ್ಲಾ ಕಾರ್ಯಕ್ರಮದಲ್ಲೇ ಇದೆ. ಆದರೆ ಈ ಹುದ್ದೆಗಳು ಹೆಚ್ಚಾಗಿ ಗುತ್ತಿಗೆಯವು. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಹುಡುಗಿ ತಂಗಿಯ ಜೊತೆ ಎಷ್ಟು ಚೆನ್ನಾಗಿ ಮಾತಾಡುತ್ತಿದ್ದಳೆಂದರೆ, ಇವಳು ಅವಳಿಗಾಗಿ ಮಲ್ಲಿಗೆ ದಂಡೆ ಕಟ್ಟಿಕೊಂಡು ಹೋಗುತ್ತಿದ್ದಳು. ಒಂದು ದಿನ ಹೋದರೆ ಆ ಹುಡುಗಿ ಇಲ್ಲ. ಬೆಂಗಳೂರಿನಲ್ಲಿ ಎರಡರಷ್ಟು ಸಂಬಳವಂತೆ. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ದಂಡೆಯನ್ನು ಮನೆಗೆ ತಂದು ದೇವರಿಗೆ ಮುಡಿಸಿದೆವು.

ಓದದವರಿಗೂ ಕಲಿಸಿ ಈ ಕೆಲಸ ಮಾಡಿಸಬಹುದು ಎಂಬ ಮಾತು ಈಗ ಬಹಳ ಕೇಳುತ್ತಿದೆ. ಅದು ಸುಳ್ಳಲ್ಲ. ಆಫ್ರಿಕದ ಜಿಂಬಾಬ್ವೆಯಲ್ಲಿ ಇಡೀ ದೇಶಕ್ಕೆ ಹತ್ತು ಹನ್ನೆರಡು ಮನೋವೈದ್ಯರು. ಅವರಲ್ಲೊಬ್ಬರಾದ ಡಿಕ್ಸನ್ ಚಿಬಾಂಡ 2006ರಲ್ಲಿ ಹರಾರೆ ನಗರದಲ್ಲಿ ಹದಿನಾಲ್ಕು ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಹೊರಗೆ ಮರದ ಬೆಂಚಿನ ಮೇಲೆ ಕೂರಿಸಿದರು. ಮೊದಲು ಅದಕ್ಕೆ 'ಮಾನಸಿಕ ಆರೋಗ್ಯದ ಬೆಂಚು' ಎಂದು ಹೆಸರಿಟ್ಟಿದ್ದರಂತೆ. ಹಾಗೆಂದರೆ ಯಾರೂ ಹತ್ತಿರ ಸುಳಿಯುವುದಿಲ್ಲ ಎಂದು ಅಜ್ಜಿಯರೇ 'ಸ್ನೇಹದ ಬೆಂಚು' ಮಾಡಿಸಿದರು. ಖಿನ್ನತೆಗೆ ಹತ್ತಿರದ ಮಾತು ಅವರ ಭಾಷೆಯಲ್ಲಿ 'ಅತಿಯಾಗಿ ಯೋಚಿಸುವುದು' ಎಂಬರ್ಥ ಕೊಡುತ್ತದಂತೆ. ನಮ್ಮ ಕಡೆ 'ಅವಳು ಯೋಚನೆ ಹಚ್ಚಿಕೊಂಡಿದ್ದಾಳೆ' ಅನ್ನುವುದಿಲ್ಲವೇ, ಹಾಗೇ. ಅಜ್ಜಿಯರ ಜೊತೆ ಮಾತಾಡಿದವರ ಖಿನ್ನತೆ ನಿಜಕ್ಕೂ ಕಡಿಮೆಯಾಗಿತ್ತು ಎಂದು ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದ್ದಾರೆ. ನಮ್ಮ ನೆರೆಯ ಗೋವಾದಲ್ಲೂ ಹೀಗೆಯೇ ಸಾಮಾನ್ಯರಿಗೆ ತರಬೇತಿ ಕೊಟ್ಟು ನೋಡಿ, ಫಲ ಕಂಡಿದ್ದಾರೆ.

ಇದನ್ನೆಲ್ಲ ಓದಿ ಸಂತೋಷಪಟ್ಟೆ. ಆದರೂ ಒಂದು ಅನುಮಾನ ಹೋಗುವುದಿಲ್ಲ. ನಮ್ಮಲ್ಲಿ ಯಾವ ಕೆಲಸಕ್ಕೆ ಜನ ಸಾಲದಿದ್ದರೂ ಅದು ಮೊದಲು ಬರುವುದು ಆಶಾ ಕಾರ್ಯಕರ್ತೆಯ ತಲೆಗೆ, ಆಮೇಲೆ ಅಂಗನವಾಡಿಯವಳ ತಲೆಗೆ, ಅಲ್ಲೂ ಮಿಕ್ಕಿದ್ದು ಮೇಷ್ಟರ ತಲೆಗೆ. ಜನಗಣತಿ ನಾವು, ಚುನಾವಣೆ ನಾವು, ಬಿಸಿಯೂಟದ ಮೊಟ್ಟೆ ಎಣಿಸುವವರೂ ನಾವು. ನಮ್ಮ ಬೀದಿಯ ಆಶಾ ಗಟ್ಟಿಗಿತ್ತಿ, ತಂಗಿಯ ಮಾತ್ರೆ ಮುಗಿಯುವ ತಾರೀಖು ನನಗಿಂತ ಚೆನ್ನಾಗಿ ಅವಳಿಗೆ ನೆನಪಿರುತ್ತದೆ. ಆದರೆ ಅವಳಿಗೆ ಸಿಗುವುದು ಗೌರವಧನ, ಪ್ರೋತ್ಸಾಹಧನ. ಸಂಬಳ ಎಂಬ ಮಾತನ್ನು ಸರ್ಕಾರ ಬಾಯಿತಪ್ಪಿಯೂ ಆಡುವುದಿಲ್ಲ. ಕಷ್ಟ ಕೇಳಿಸಿಕೊಳ್ಳುವುದು ಹೆಂಗಸರಿಗೆ ಹುಟ್ಟುಗುಣ, ಅದಕ್ಕೇಕೆ ದುಡ್ಡು ಎಂಬ ಲೆಕ್ಕವಿರಬೇಕು. ಅಜ್ಜಿಯರ ಬೆಂಚು ಬರಲಿ, ಬೇಡವೆನ್ನುವುದಿಲ್ಲ. ಅದರ ಹಿಂದಿನ ಕೋಣೆಯಲ್ಲಿ ಒಬ್ಬ ಡಾಕ್ಟರೂ ಇರಲಿ. ತಂಗಿಯಂಥವರಿಗೆ ಬೆಂಚೊಂದೇ ಸಾಲದು.

2022ರ ಅಕ್ಟೋಬರಿನಿಂದ ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯೂ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹತ್ತನೇ ತರಗತಿಯ ಬೋರ್ಡಿನ ಮೂಲೆಯಲ್ಲಿ ಅದನ್ನು ಬರೆದಿಟ್ಟಿದ್ದೇನೆ, ಪರೀಕ್ಷೆಯ ದಿನಗಳಲ್ಲಂತೂ ಅಳಿಸಲು ಬಿಡುವುದಿಲ್ಲ.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ನರ್ಸಿಂಗ್ ಮುಗಿಸಿ ಕೆಲಸದಲ್ಲಿದ್ದಾಳೆ. ನಿಮ್ಹಾನ್ಸಿನಲ್ಲಿ ಮನೋರೋಗಿಗಳ ಶುಶ್ರೂಷೆಗೆಂದೇ ಒಂದು ವರ್ಷದ ಡಿಪ್ಲೊಮಾ ಇದೆ, ಅದಕ್ಕೆ ಸೇರಬೇಕೆಂದು ಅವಳ ಆಸೆ, ತಾಯಿ ಒಪ್ಪುತ್ತಿಲ್ಲ, ನೀವು ಬಂದು ಹೇಳಿ ಮಿಸ್ ಎಂದಳು. ಹೋದೆ. ಅವಳ ತಾಯಿ ಕುಂಕುಮದ ಬಟ್ಟಲು ಹಿಡಿದುಕೊಂಡೇ ಕೇಳಿದರು: "ಹುಚ್ಚಾಸ್ಪತ್ರೇಲಿ ಕೆಲಸ ಮಾಡೋಳನ್ನ ಯಾರು ಮದುವೆ ಆಗ್ತಾರೆ ಮೇಡಂ? ನೀವೇ ಹೇಳಿ."

ಆ ವಾರ್ಡಿನ ನರ್ಸಮ್ಮನ ವಿಷಯ ಹೇಳಿದೆ. ಆಕೆಗೆ ಮದುವೆಯಾಗಿತ್ತು, ಎರಡು ಮಕ್ಕಳಿದ್ದರು, ಕತ್ತಿನಲ್ಲಿ ಎರಡೆಳೆ ಸರವಿತ್ತು ಎಂದೆ. ಸರದ ವಿಷಯ ಯಾಕೆ ಹೇಳಿದೆನೋ ಗೊತ್ತಿಲ್ಲ, ಆ ತಾಯಿ ಅಷ್ಟನ್ನು ಮಾತ್ರ ಗಮನವಿಟ್ಟು ಕೇಳಿದರು. ರೈಲ್ವೆ ಸ್ಟೇಷನ್ನಿನ ಬೆಳಗಿನ ಜಾವವನ್ನೂ ಹೇಳಿದೆ. ಆಕೆಯ ಕಣ್ಣು ತುಂಬಿ ಬಂತು, ಆದರೂ "ನೋಡೋಣ" ಎಂದರೇ ಹೊರತು ಆಗಲಿ ಎನ್ನಲಿಲ್ಲ.

ಹುಡುಗಿ ಅರ್ಜಿ ಹಾಕಿದಳು, ಪರೀಕ್ಷೆ ಬರೆದಳು, ಸೀಟು ಸಿಕ್ಕಿತು. ಆರು ತಿಂಗಳಿಂದ ಬೆಂಗಳೂರಿನಲ್ಲಿದ್ದಾಳೆ. ಭಾನುವಾರ ಫೋನು ಮಾಡಿದರೆ ಮೊದಲು ತಂಗಿಯನ್ನು ಕೇಳುತ್ತಾಳೆ, ಆಮೇಲೆ ನನ್ನನ್ನು. ಅವಳ ತಾಯಿ ಸಂತೆಯಲ್ಲಿ ಸಿಕ್ಕರೆ ಸೊಪ್ಪಿನ ಅಂಗಡಿಯ ಕಡೆ ತಿರುಗಿಕೊಳ್ಳುತ್ತಾರೆ.